ಪೀಠ ಬಿಟ್ಟರು, ನ್ಯಾಯ ಬಿಡಲಿಲ್ಲ

ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ. ಎಸ್. ಹೆಗ್ಡೆಯವರು ವಕೀಲರಾಗಿ ದುಡಿದು, 1957ರಲ್ಲಿ ಮೈಸೂರು ಹೈಕೋರ್ಟಿನ, 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಡಿ. ಹಿರೇಹಾಳಿನಂತೆಯೇ ಕನ್ನಡದ ಗಡಿನಾಡಾದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆ ಅಲ್ಲಿ ಅವರ ಮುಂದೆ ಬಂತು. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ಹದಿಮೂವರಲ್ಲಿ ಏಳು ಮಂದಿ ತೀರ್ಪಿತ್ತರು. ಹೆಗ್ಡೆಯವರು ಆ ಏಳರಲ್ಲೊಬ್ಬರು.

ಮರುದಿನವೇ ಸರ್ಕಾರ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗೊತ್ತಿ, ಕಿರಿಯರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಸುಮ್ಮನೆ ಕೂರಲಿಲ್ಲ. ನ್ಯಾಯಾಂಗದ ಬಿಕ್ಕಟ್ಟಿನ ಕುರಿತು ಪುಸ್ತಕ ಬರೆದರು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. 1990ರಲ್ಲಿ ಅವರು ತೀರಿಕೊಂಡರು. ಆ ತೀರ್ಪು ಮಾತ್ರ ಇಂದಿಗೂ ನಮ್ಮೆಲ್ಲರ ಹಕ್ಕುಗಳಿಗೆ ಕಾವಲಾಗಿ ನಿಂತಿದೆ.