ಹದಿನೈದು ದಿನದ ಮೇಷ್ಟರು

ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲಿನಲ್ಲಿ ಆರಂಭವಾಗಿ, ಜುಲೈ ತಿಂಗಳ ಕೊನೆಯ ಹೊತ್ತಿಗೆ ಬೇಸಗೆಯ ರಜೆ ಬರುತ್ತದೆ. ಈ ಬಿಡುವನ್ನು ನೋಡಿಕೊಂಡು ಅಮೆರಿಕ, ಕೊರಿಯ ಮೊದಲಾದ ದೇಶಗಳ ಕ್ರೈಸ್ತ ಸಭೆಗಳಿಂದ ತರುಣ ತರುಣಿಯರ ಸಣ್ಣ ತಂಡಗಳು ಅಲ್ಲಿಗೆ ಹೋಗಿ, ಹತ್ತು ಹದಿನೈದು ದಿನ ಊರಿನ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಬರುವ ಪದ್ಧತಿಯುಂಟು. ಸ್ವಂತ ಖರ್ಚಿನಲ್ಲಿಯೋ ಸಭೆಯವರು ಕೂಡಿಸಿಕೊಟ್ಟ ಹಣದಲ್ಲಿಯೋ ಹೋಗುವ ಈ ಮೇಷ್ಟರುಗಳಲ್ಲಿ ಅನೇಕರಿಗೆ ಜಪಾನೀ ಭಾಷೆ ಬಾರದು. ಇದನ್ನು ಮಹಾಸೇವೆಯೆಂದು ಹೊಗಳುವವರಿದ್ದಾರೆ; ಪ್ರವಾಸಕ್ಕೆ ಸೇವೆಯ ಹೆಸರಿಟ್ಟಿದ್ದಾರೆಂದು ನಗುವವರೂ ಇದ್ದಾರೆ. ಹದಿನೈದು ದಿನದಲ್ಲಿ ಪರನಾಡಿನ ಮಗುವಿಗೆ ಏನನ್ನು ತಾನೆ ಕಲಿಸಬಹುದು? ವಾರಕ್ಕೊಂದು ಗಂಟೆ ಮಕ್ಕಳನ್ನು ಕೂಡಿಸಿ ಕನ್ನಡ ಅಕ್ಷರ ತಿದ್ದಿಸಲು ಹೆಣಗುವ ನಮ್ಮಂಥ ಹೊರನಾಡಿಗರಿಗೆ ಈ ಪ್ರಶ್ನೆ ದೂರದ್ದೇನೂ ಅಲ್ಲ.

ಅಲ್ಲಿ ಪಾಠವೆಂದರೆ ಮುಖ್ಯವಾಗಿ ಇಂಗ್ಲಿಷು. 2020ರಿಂದ ಜಪಾನಿನ ಪ್ರಾಥಮಿಕ ಶಾಲೆಗಳ ಐದು ಮತ್ತು ಆರನೆಯ ತರಗತಿಗಳಲ್ಲಿ ಇಂಗ್ಲಿಷು ಕ್ರಮವಾದ ಪಾಠವಿಷಯವಾಗಿದೆ. ಮೂರು, ನಾಲ್ಕನೆಯ ತರಗತಿಗಳಲ್ಲಿಯೇ ಅದರ ಪರಿಚಯ ಮಾಡಿಸುತ್ತಾರೆ. ಆದಕಾರಣ ಪರದೇಶದವರ ಬಾಯಿಂದಲೇ ಇಂಗ್ಲಿಷು ಕೇಳುವ ಅವಕಾಶವೆಂದರೆ ಚರ್ಚಿನ ಮೆಟ್ಟಿಲು ಹತ್ತದ ಮನೆಗಳವರೂ ಮಕ್ಕಳನ್ನು ಕಳುಹಿಸುತ್ತಾರೆ. ಬಾಗಿಲಲ್ಲಿ ಪಾದರಕ್ಷೆ ಬಿಚ್ಚಿ, ಅದರ ಮೂತಿಯನ್ನು ಹೊರಕ್ಕೆ ತಿರುಗಿಸಿ ಜೋಡಿಸಿಟ್ಟು ಒಳಗೆ ಬರುವುದು ಆ ನಾಡಿನ ರೀತಿ. ಇದೊಂದು ಪಾಠವನ್ನು ಮಕ್ಕಳೇ ಮೇಷ್ಟರಿಗೆ ಹೇಳಿಕೊಡಬೇಕಾಗುತ್ತದೆ. ಆಮೇಲೆ ಹಾಡು, ಆಟ, ಕಾಗದ ಕತ್ತರಿಸಿ ಅಂಟಿಸುವ ಕೆಲಸ, ಬೈಬಲಿನ ಒಂದು ಕಥೆ, ತಿಂಡಿ. ಕಥೆಯನ್ನು ಅತಿಥಿ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರೆ, ಊರಿನ ಪಾದ್ರಿಯೋ ಅವರ ಪತ್ನಿಯೋ ಅದನ್ನು ಜಪಾನಿಯಲ್ಲಿ ಹೇಳುತ್ತಾರೆ.

ಉಚ್ಚಾರದ ಸಂಗತಿ ಬಲು ಸ್ವಾರಸ್ಯವಾದುದು. ಜಪಾನಿಯಲ್ಲಿ ರಕಾರ ಲಕಾರಗಳಿಗೆ ಭೇದವಿಲ್ಲ. ಅನುನಾಸಿಕವೊಂದನ್ನು ಬಿಟ್ಟರೆ ಪದಗಳು ಸ್ವರದಲ್ಲಿಯೇ ಮುಗಿಯುತ್ತವೆ. ಆದುದರಿಂದ ‘ಮಿಲ್ಕ್’ ಅವರ ಬಾಯಲ್ಲಿ ‘ಮಿರುಕು’, ‘ಬಸ್’ ಎಂಬುದು ‘ಬಸು’. ಬಸ್ಸು, ಬ್ಯಾಂಕು, ಕಾರು ಎನ್ನುವ ನಾವು ಇದಕ್ಕೆ ನಗಬೇಕಾಗಿಲ್ಲ! ಕ್ರಿಯಾಪದವನ್ನು ಕೊನೆಗೆ ಇಡುವುದರಲ್ಲಿಯೂ ಅವರು ನಮ್ಮವರೇ. ಇಂಗ್ಲಿಷಿನವನಿಗೆ ತಲೆಕೆಳಗಾಗಿ ಕಾಣುವ ಜಪಾನೀ ವಾಕ್ಯ ಕನ್ನಡಿಗನಿಗೆ ನೆಟ್ಟಗೆ ನಿಂತಂತೆಯೇ ಕಾಣುವುದು. ಇರಲಿ. ಹದಿನೈದು ದಿನದಲ್ಲಿ ಭಾಷೆ ಬರಲಾರದು. ಆದರೆ ಎಳೆಯ ಕಿವಿ ಹೊಸ ನಾದವನ್ನು ಹಿಡಿಯುತ್ತದೆ, ಪರದೇಶದವರೊಡನೆ ಮಾತಾಡುವ ಸಂಕೋಚ ಕಳೆಯುತ್ತದೆ. ಇದು ಅಲ್ಪ ಲಾಭವೆಂದು ನಮಗೆ ತೋರುವುದಿಲ್ಲ.

ಧರ್ಮದ ಮಾತು ಬೇರೆ. ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟು ಮಾತ್ರ. 1995ರ ಮಾರ್ಚಿಯಲ್ಲಿ ಓಮ್ ಶಿನ್‌ರಿಕ್ಯೊ ಎಂಬ ಪಂಥದವರು ಟೋಕಿಯೋ ನಗರದ ಸುರಂಗ ರೈಲುಗಳಲ್ಲಿ ವಿಷಾನಿಲ ಬಿಟ್ಟಂದಿನಿಂದ, ಧರ್ಮದ ಹೆಸರಿನಲ್ಲಿ ಬಾಗಿಲಿಗೆ ಬರುವವರನ್ನು ಕಂಡರೆ ಅಲ್ಲಿಯ ಗೃಹಸ್ಥರಿಗೆ ಅಳುಕು ಹೆಚ್ಚು. ಇಂಥಲ್ಲಿ ಇಂಗ್ಲಿಷು ತರಗತಿಯೆಂದು ಕರೆದು, ಮಕ್ಕಳು ಬಂದ ಮೇಲೆ ಬೈಬಲು ತೆರೆಯುವುದು ತಕ್ಕುದಲ್ಲ. ಕಥೆಯೂ ಪ್ರಾರ್ಥನೆಯೂ ಇರುವುದೆಂದು ಕರೆಯೋಲೆಯಲ್ಲಿಯೇ ತಿಳಿಸಿ, ಒಪ್ಪಿದ ತಾಯ್ತಂದೆಯರ ಮಕ್ಕಳನ್ನು ಮಾತ್ರ ಕೂಡಿಸಿಕೊಳ್ಳುವುದು ನ್ಯಾಯ. ಮಕ್ಕಳು ಕಡಮೆಯಾದರೆ ಆಗಲಿ.

ಅಲ್ಪಕಾಲದ ಉಪದೇಶಕರಿಗೆ ಭಾಷೆ ಒಡ್ಡುವ ತೊಡಕು ಇಂದಿನದಲ್ಲ. ಜಪಾನಿಗೆ ಮೊದಲು ಕ್ರೈಸ್ತಮತವನ್ನು ಒಯ್ದ ಫ್ರಾನ್ಸಿಸ್ ಝೇವಿಯರರು ಹೊರಟದ್ದು ನಮ್ಮ ನೆರೆಯ ಗೋವೆಯಿಂದ. 1548ರಲ್ಲಿ ಗೋವೆಯಲ್ಲಿ ದೀಕ್ಷೆ ಪಡೆದ ಅಂಜಿರೊ ಎಂಬ ಜಪಾನಿಯನನ್ನು ಜೊತೆಮಾಡಿಕೊಂಡು 1549ರ ಆಗಸ್ಟ್ 15ರಂದು ಅವರು ಕಗೊಷಿಮಾ ತಲಪಿದರು. ಅಂಜಿರೊ ಶಾಸ್ತ್ರ ಬಲ್ಲವನಲ್ಲ. ಅವನ ಮಾತು ನಂಬಿ ಝೇವಿಯರರು ದೇವರನ್ನು ‘ದೈನಿಚಿ’ ಎಂದು ಕರೆದರು. ಅದು ಬೌದ್ಧರು ಪೂಜಿಸುವ ವೈರೋಚನ ಬುದ್ಧನ ಹೆಸರು! ಬೌದ್ಧ ಭಿಕ್ಷುಗಳು ಇವರು ನಮ್ಮವರೇ ಎಂದು ಆದರಿಸಿದರಂತೆ. ತಿಳಿದ ಮೇಲೆ ಆ ಪದವನ್ನು ಬಿಟ್ಟು ‘ದೇವುಸ್’ ಎಂಬುದನ್ನೇ ಬಳಸಬೇಕಾಯಿತು. ಅವರು ಅಲ್ಲಿದ್ದುದು ಎರಡು ವರ್ಷಕ್ಕೆ ಸ್ವಲ್ಪ ಮೇಲೆ. ಎರಡು ವರ್ಷವಿದ್ದವರ ಪಾಡೇ ಹೀಗಾದರೆ ಎರಡು ವಾರದವರು ಎಷ್ಟು ಎಚ್ಚರದಿಂದಿರಬೇಕು!

1614ರಲ್ಲಿ ಜಪಾನಿನ ಆಳರಸರು ಈ ಮತವನ್ನು ದೇಶದಲ್ಲೆಲ್ಲ ನಿಷೇಧಿಸಿದರು. ಪಾದ್ರಿಗಳಿಲ್ಲದಾದರು, ಪುಸ್ತಕಗಳಿಲ್ಲದಾದವು. ಆದರೂ ನಾಗಸಾಕಿಯ ಸುತ್ತಿನ ಬಡ ರೈತರೂ ಬೆಸ್ತರೂ ‘ಒರಾಶೊ’ ಎಂಬ ಪ್ರಾರ್ಥನೆಗಳನ್ನು ಗುಟ್ಟಾಗಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದರು. ನಡುನಡುವೆ ಲ್ಯಾಟಿನ್, ಪೋರ್ಚುಗೀಸ್ ಪದಗಳು ಅರ್ಥ ಮರೆತು, ರೂಪ ಸವೆದು ಉಳಿದಿದ್ದವು. 1865ರಲ್ಲಿ ನಾಗಸಾಕಿಯ ಓಉರಾ ಚರ್ಚಿಗೆ ಕೆಲವರು ಬಂದು ಫ್ರೆಂಚ್ ಪಾದ್ರಿಯೆದುರು ಗುಟ್ಟನ್ನು ಬಿಚ್ಚಿದಾಗ ಜಗತ್ತಿಗೆ ಇದು ತಿಳಿಯಿತು. ಎರಡೂವರೆ ಶತಮಾನ ಪಾಠ ಹೇಳಿದವರು ಹಡಗಿನಲ್ಲಿ ಬಂದವರಲ್ಲ, ಮನೆಯ ಹಿರಿಯರು.

ಬಂದು ನೆಲೆಸಿದವರೂ ಉಂಟು. ಆನಿ ಹೋವ್ ಎಂಬ ಅಮೆರಿಕದ ಮಹಿಳೆ 1887ರಲ್ಲಿ ಕೋಬೆಗೆ ಬಂದು, 1889ರಲ್ಲಿ ಒಂದು ಶಿಶುವಿಹಾರವನ್ನೂ, ಅದರೊಡನೆ ಜಪಾನೀ ಉಪಾಧ್ಯಾಯಿನಿಯರನ್ನು ತಯಾರು ಮಾಡುವ ಶಾಲೆಯನ್ನೂ ತೆರೆದರು. ಅವರು ಆ ಕೆಲಸದಿಂದ ಬೀಳ್ಕೊಂಡದ್ದು 1927ರಲ್ಲಿ. ಕನ್ನಡ ನಿಘಂಟಿಗಾಗಿ ಆಯುಷ್ಯ ಸವೆಸಿದ ಕಿಟ್ಟೆಲರನ್ನು ಬಲ್ಲ ನಮಗೆ ಇಂಥವರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಜಪಾನಿನವರೇ ಆದ ಇಮಾಯಿ ಯೊನೆ ಎಂಬಾಕೆಯ ಕಥೆ ಇನ್ನೊಂದು ಬಗೆಯದು. 1930ರ ದಶಕದ ಆದಿಯಲ್ಲಿ ಟೋಕಿಯೋ ಬೀದಿಗಳಲ್ಲಿ ಸೈಕಲ್ಲಿನ ಮೇಲೆ ಪುಟ್ಟ ರಂಗಮಂಟಪವಿಟ್ಟು, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳಿ ಮಿಠಾಯಿ ಮಾರುವ ‘ಕಮಿಷಿಬಾಯಿ’ಯವರು ತಿರುಗುತ್ತಿದ್ದರು. ಅವರ ಮರದ ತಾಳದ ಸದ್ದು ಕೇಳಿದೊಡನೆ ಈಕೆಯ ಭಾನುವಾರದ ಶಾಲೆಯ ಮಕ್ಕಳೆಲ್ಲ ಹೊರಗೋಡುತ್ತಿದ್ದರು. ಆಕೆ ಮಕ್ಕಳನ್ನು ಗದರಲಿಲ್ಲ; ಬೈಬಲಿನ ಕಥೆಗಳನ್ನೇ ಕಮಿಷಿಬಾಯಿ ಮಾಡಿಸಿ ಅಚ್ಚು ಹಾಕಿಸಿದರು. ಇಂದಿಗೂ ಜಪಾನಿನ ಶಿಶುವಿಹಾರಗಳಲ್ಲಿ ಈ ಚಿತ್ರದ ಹಾಳೆಗಳು ಬಳಕೆಯಲ್ಲಿವೆ.

ಬೇಸಗೆಯ ಅತಿಥಿಗಳಿಗೆ ಇದರಲ್ಲಿ ದಾರಿಯಿದೆಯೆಂದು ನಮ್ಮ ಭಾವನೆ. ತಮ್ಮೂರಿನ ಪಾಠವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗದೆ, ಅಲ್ಲಿಯ ಉಪಾಧ್ಯಾಯಿನಿಯನ್ನು ಮೊದಲೇ ಕೇಳಿ, ಅವರು ಹೇಳಿದ ಕೆಲಸಕ್ಕೆ ಕೈಯಾಗುವುದು, ಹೊರಡುವ ಮುನ್ನ ‘ಹಿರಗಾನ’ದ ನಲವತ್ತಾರು ಅಕ್ಷರಗಳನ್ನಾದರೂ ಕಲಿತು ಮಕ್ಕಳ ಹೆಸರನ್ನು ಓದುವಂತಾಗುವುದು, ಕೂಡಿದರೆ ಮರುವರ್ಷವೂ ಅದೇ ಊರಿಗೆ ಹೋಗುವುದು. ತಂಡ ವಿಮಾನ ಹತ್ತಿದ ಮುಂದಿನ ಭಾನುವಾರ ಆ ಮಕ್ಕಳಲ್ಲಿ ಮೂವರೋ ನಾಲ್ವರೋ ಬಂದರೆ, ಅವರಿಗೆ ಕಥೆ ಹೇಳಬೇಕಾದವರು ಪಾದ್ರಿಯ ಪತ್ನಿ.