ನಂದಾದೇವಿಯ ಒಳಬಯಲಿಗೆ ದಾರಿ ಹುಡುಕಿದವರು

ಪ್ರವಾಸ ಸಾಹಿತ್ಯದ ಪಾಠ ನಡೆದಿದ್ದಾಗ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು: “ಸರ್, ದಾರಿಯೇ ಇಲ್ಲದ ಪರ್ವತಗಳಲ್ಲಿ ತಿಂಗಳುಗಟ್ಟಲೆ ತಿರುಗಿದರು ಎಂದು ಬರೆಯುತ್ತಾರಲ್ಲ, ಇಂಥ ಕಡೆ ಹೋಗಬೇಕೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?” ನಮ್ಮ ಸೀಮೆಯ ಮಕ್ಕಳಿಗೆ ಈ ಪ್ರಶ್ನೆ ಸಹಜವಾದುದು. ಸೊಲ್ಲಾಪುರ, ಅಕ್ಕಲಕೋಟೆಗಳ ಬಯಲಿನಲ್ಲಿ ಬೆಳೆದವರಿಗೆ ಪರ್ವತವೆಂಬುದು ಪುಸ್ತಕದ ಮಾತು. ಕಣ್ಣೆತ್ತಿದರೆ ಜೋಳದ ಹೊಲ, ಅದರಾಚೆ ಒಂದು ಮಡ್ಡಿ, ಅಷ್ಟೇ. ತರಗತಿಯಲ್ಲಿ ನಾನು ಕೊಟ್ಟ ಉತ್ತರ ಅರ್ಧಮರ್ಧವಾಗಿತ್ತು. ಉಳಿದುದನ್ನು ಇಲ್ಲಿ ಒಂದು ನಿಜವಾದ ಯಾತ್ರೆಯ ಮೂಲಕ ವಿವರಿಸುತ್ತೇನೆ.

ಗೋಡೆಯೊಳಗಿನ ಅಂಗಳ

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿರುವ ನಂದಾದೇವಿ ಶಿಖರದ ಎತ್ತರ 7,816 ಮೀಟರ್. ಗಢವಾಲ ಹಾಗೂ ಕುಮಾವೂ ಪ್ರದೇಶಗಳ ಜನರಿಗೆ ಅದು ಬರಿಯ ಶಿಖರವಲ್ಲ, ಮನೆಮಗಳಂಥ ದೇವತೆ. ಈ ಶಿಖರದ ಸುತ್ತ ಸುಮಾರು 110 ಕಿಲೋಮೀಟರ್ ಉದ್ದದ ಪರ್ವತಗಳ ಉಂಗುರವಿದೆ. ಆ ಉಂಗುರದಲ್ಲಿ ಆರು ಸಾವಿರ ಮೀಟರಿಗೂ ಮೀರಿದ ಶಿಖರಗಳು ಸಾಲುಗಟ್ಟಿ ನಿಂತಿವೆ. ಐದು ಸಾವಿರ ಮೀಟರಿಗಿಂತ ಕೆಳಗಿಳಿಯುವ ತೆರಪು ಒಂದೇ ಒಂದು. ಒಳಗಿನ ಹಿಮನದಿಗಳ ನೀರನ್ನೆಲ್ಲ ಹೊತ್ತು ಪಶ್ಚಿಮಕ್ಕೆ ನುಗ್ಗುವ ಋಷಿಗಂಗೆಯು ಕೊರೆದುಕೊಂಡ ಕಮರಿ ಅದು. ಕೋಟೆಯೊಳಗಿನ ಅಂಗಳದ ನೀರು ಹೊರಹೋಗಲು ಗೋಡೆಯ ಬುಡದಲ್ಲಿ ಒಂದು ಕಿಂಡಿಯನ್ನು ಬಿಟ್ಟಂತೆ ಎಂದು ಕಲ್ಪಿಸಿಕೊಳ್ಳಿ.

ಈ ಅಂಗಳವನ್ನು ಸೇರಲು ಅರ್ಧ ಶತಮಾನದ ಕಾಲ ಪ್ರಯತ್ನಗಳು ನಡೆದವು. 1883ರಲ್ಲಿ ಡಬ್ಲ್ಯು. ಡಬ್ಲ್ಯು. ಗ್ರಹಾಂ ಕಮರಿಯ ಮೂಲಕ ಹೋಗಲು ಯತ್ನಿಸಿ ಹಿಂದಿರುಗಿದ. 1905ರಲ್ಲಿ ಟಾಮ್ ಲಾಂಗ್‌ಸ್ಟಾಫ್ ಪೂರ್ವದ ಗೋಡೆಯ ಮೇಲೇರಿ ಒಳಗೆ ಇಣುಕಿ ನೋಡಿದ, ಇಳಿಯಲಾಗಲಿಲ್ಲ. 1907ರಲ್ಲಿ ಅವನೇ ಗೂರ್ಖಾ ಸೈನಿಕ ಕರ್ಬೀರ್ ಹಾಗೂ ಇಬ್ಬರು ಬ್ರೋಶ್‌ರೆಲ್ ಸಹೋದರರೊಡನೆ ಸಮೀಪದ 7,120 ಮೀಟರಿನ ತ್ರಿಶೂಲವನ್ನು ಏರಿದ. ಕಮರಿಯ ಮೇಲ್ಭಾಗ ಮಾತ್ರ ಅವನಿಗೂ ದಕ್ಕಲಿಲ್ಲ. ಅಲ್ಮೋರಾದಲ್ಲಿ ಅಧಿಕಾರಿಯಾಗಿದ್ದ ಹ್ಯೂ ರಟ್ಲೆಜ್ ಮತ್ತೆ ಮತ್ತೆ ಯತ್ನಿಸಿ ಸೋತ.

1934ರ ಮೇ ತಿಂಗಳಲ್ಲಿ ಐವರು ಅಲ್ಲಿಗೆ ಹೊರಟರು. ಇಬ್ಬರು ಇಂಗ್ಲಿಷರು, ಎರಿಕ್ ಶಿಪ್ಟನ್ ಮತ್ತು ಎಚ್. ಡಬ್ಲ್ಯು. ಟಿಲ್ಮನ್, ಮೂವರು ಶೆರ್ಪಾಗಳು, ಅಂಗ್ ತಾರ್ಕೆ, ಪಸಾಂಗ್ ಮತ್ತು ಕುಸಾಂಗ್. ಆ ಕಾಲದ ಎವರೆಸ್ಟ್ ಯಾತ್ರೆಗಳು ನೂರಾರು ಹೊರೆಯಾಳುಗಳನ್ನೂ ಪ್ರಾಣಿಗಳನ್ನೂ ಕಟ್ಟಿಕೊಂಡು ದಂಡಿನಂತೆ ಸಾಗುತ್ತಿದ್ದವು. ಅದಕ್ಕೆ ಹೋಲಿಸಿದರೆ ಇದೊಂದು ಮನೆಮಂದಿಯ ಪ್ರಯಾಣ.

ಅನ್ನದ ಲೆಕ್ಕ

ಇಂಥ ಪಯಣದಲ್ಲಿ ಮೊದಲು ತಿಳಿಯಬೇಕಾದುದು ಊಟದ ಗಣಿತ. ಶ್ರಮದ ದಿನಗಳಲ್ಲಿ ಒಬ್ಬನಿಗೆ ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಒಣ ಆಹಾರ ಬೇಕು. ಐವರು ಇಪ್ಪತ್ತು ದಿನ ಇರಬೇಕಾದರೆ ನೂರು ಕಿಲೋ ಆಯಿತು. ಅದರ ಮೇಲೆ ಗುಡಾರ, ಹಗ್ಗ, ಹಾಸಿಗೆ, ಉರುವಲು, ಅಳತೆಯ ಉಪಕರಣ. ಒಬ್ಬನು ಕಡಿದಾದ ನೆಲದಲ್ಲಿ ಇಪ್ಪತ್ತೈದು ಕಿಲೋ ಹೊತ್ತರೂ ಎಲ್ಲವೂ ಒಂದೇ ಸಲಕ್ಕೆ ಸಾಗುವುದಿಲ್ಲ. ಆದ್ದರಿಂದ ಅರ್ಧವನ್ನು ಮುಂದೆ ಒಯ್ದಿಟ್ಟು, ಬರಿಗೈಯಲ್ಲಿ ಹಿಂದೆ ಬಂದು, ಉಳಿದರ್ಧವನ್ನು ಮತ್ತೆ ಒಯ್ಯಬೇಕು. ಒಂದು ಮೈಲಿ ಮುಂದೆ ಹೋಗಲು ಮೂರು ಮೈಲಿ ನಡಿಗೆ. ನಡೆದ ಪ್ರತಿದಿನವೂ ಅದೇ ಮೂಟೆಯಿಂದ ಊಟ. ಅರಸುತ್ತ ಕಳೆದ ದಿನ ತಿಂದು ಮುಗಿಸಿದ ದಿನವೂ ಹೌದು.

ಶಿಪ್ಟನ್ ಮತ್ತು ಟಿಲ್ಮನ್ ಈ ಲೆಕ್ಕವನ್ನು ಬಿಡಿಸಿದ ಬಗೆ ಸರಳವಾಗಿತ್ತು. ಡಬ್ಬಿಯ ತಿನಿಸುಗಳನ್ನು ಆದಷ್ಟು ಬಿಟ್ಟು, ಶೆರ್ಪಾಗಳು ಉಣ್ಣುವುದನ್ನೇ ತಾವೂ ಉಂಡರು: ಚಪಾತಿಯ ಹಿಟ್ಟು, ಅಕ್ಕಿ, ತುಪ್ಪ, ‘ಸಂಪಾ’ ಎಂಬ ಹುರಿದ ಬಾರ್ಲಿಯ ಹಿಟ್ಟು. ನಮ್ಮ ಕಡೆಯ ಖಡಕ ರೊಟ್ಟಿ, ಶೇಂಗಾ ಚಟ್ನಿಗಳ ಹಿಂದಿರುವ ಬುದ್ಧಿಯೇ ಸಂಪಾದ ಹಿಂದೆಯೂ ಇದೆ. ನೀರಿಲ್ಲದ ಆಹಾರ ಹಗುರ, ಬೇಗ ಕೆಡುವುದಿಲ್ಲ, ಒಲೆ ಹೊತ್ತದಿದ್ದ ರಾತ್ರಿಯೂ ಹೊಟ್ಟೆ ತುಂಬುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನೂ ಅವರು ಅದೇ ವರ್ಷ ಕಂಡರು. ಮಳೆಗಾಲದಲ್ಲಿ ಬದರಿನಾಥದ ಕಡೆಯಿಂದ ಜಲವಿಭಾಜಕವನ್ನು ದಾಟಿ ಕೇದಾರನಾಥದ ಕಡೆಗೆ ಇಳಿಯುವಾಗ ದಟ್ಟ ಕಾಡಿನಲ್ಲಿ ಸಿಕ್ಕಿಕೊಂಡರು. ಎಡೆಬಿಡದ ಮಳೆ, ಉಕ್ಕಿದ ತೊರೆಗಳು, ಬರಿದಾದ ಚೀಲ. ಕಾಡಿನ ಕಳಲೆಯನ್ನು ಬೇಯಿಸಿ ತಿಂದು ದಿನಗಳನ್ನು ನೂಕಿದರು. ಕರಡಿಗಳೂ ಅದೇ ಕಳಲೆಯನ್ನು ತಿನ್ನುವ ಕಾಡು ಅದು.

ನೆಲವನ್ನು ಓದುವ ಬಗೆ

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ನದಿ ಹರಿದುಬರುತ್ತಿದೆಯಲ್ಲ, ಅದರ ದಂಡೆ ಹಿಡಿದು ಹೋದರಾಯಿತು ಎಂದು ಬಯಲಿನವರಿಗೆ ತೋರುತ್ತದೆ. ಪರ್ವತದಲ್ಲಿ ಈ ಎಣಿಕೆ ಮೋಸಮಾಡುತ್ತದೆ. ನೀರಿಗೆ ಇಳಿಯುವುದಷ್ಟೇ ಗೊತ್ತು. ಬಂಡೆ ಬಂದಲ್ಲಿ ಅದು ಧುಮುಕುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಪದವಿಯ ದಿನಗಳಲ್ಲಿ ಮರಾಠಿ ಗೆಳೆಯರೊಂದಿಗೆ ಹರಿಶ್ಚಂದ್ರಗಡಕ್ಕೆ ಹೋಗಿದ್ದೆ. ಇಳಿಯುವಾಗ ಮಂಜು ಕವಿದು, ಒಂದು ಒಣ ಕೊರಕಲನ್ನು ಹಿಡಿದು ಇಳಿದೆವು. ಮರಾಠಿಯಲ್ಲಿ ಅದಕ್ಕೆ ‘ಘಳ’ ಎನ್ನುತ್ತಾರೆ. ಅರ್ಧ ಗಂಟೆ ಸಲೀಸಾಗಿ ಇಳಿದ ಮೇಲೆ ಕಾಲ ಕೆಳಗೆ ನೆಲವೇ ಇರಲಿಲ್ಲ. ಮಳೆಗಾಲದಲ್ಲಿ ಜಲಪಾತವಾಗುವ ಕಡಿದಾದ ಬಂಡೆಯ ತುದಿಯಲ್ಲಿ ನಿಂತಿದ್ದೆವು. ಜಿಗಿದು ಇಳಿದಿದ್ದ ಒಂದೆರಡು ಕಡೆ ಮರಳಿ ಹತ್ತಲು ಬಾರದೆ ಅಲ್ಲಿಯೇ ರಾತ್ರಿ ಕಳೆದೆವು. ಬೆಳಿಗ್ಗೆ ಆಡು ಕಾಯುವ ಮುದುಕನೊಬ್ಬ ಮೇಲಿನಿಂದ ನಮ್ಮನ್ನು ಕಂಡು, ಬದಿಯ ಹುಲ್ಲಿನಲ್ಲಿ ಅಡಗಿದ್ದ ಒಂದು ಕಿರು ಜಾಡಿನಿಂದ ನಮ್ಮನ್ನು ಮೇಲಕ್ಕೆ ಕರೆದುಕೊಂಡ. “ಇಲ್ಲಿ ದಾರಿ ಇದೆ ಎಂದು ಗೊತ್ತಿರಲಿಲ್ಲ, ಬಾಬಾ” ಎಂದಾಗ ಆತ ನಕ್ಕು, “ನನ್ನ ಆಡುಗಳಿಗೆ ದಿನಾ ಇದೇ ದಾರಿ” ಎಂದ. ಆ ಮಾತಿನ ಬೆಲೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಶಿಪ್ಟನ್‌ನ ‘ನಂದಾದೇವಿ’ ಎಂಬ ಪುಸ್ತಕವನ್ನು ಓದುವಾಗ.

ಋಷಿಗಂಗೆಯ ಕಮರಿಯಲ್ಲಿಯೂ ನೀರಿನ ಮಗ್ಗುಲಲ್ಲಿ ನಡೆಯಲಾಗದು. ಎರಡು ಕಡೆಯ ಬಂಡೆಗಳು ನದಿಯಿಂದಲೇ ನೆಟ್ಟಗೆ ಏಳುತ್ತವೆ. ಆದರೆ ಎತ್ತರದಲ್ಲಿ, ಬಂಡೆಯ ಪದರಗಳು ಹೊರಚಾಚಿದ ಕಡೆ, ಮಾಳಿಗೆಯ ಸೂರಿನಂಥ ಕಿರಿದಾದ ಅಂಚುಗಳಿವೆ. ರಮಣಿ ತೊರೆ ಋಷಿಗಂಗೆಯನ್ನು ಕೂಡುವಲ್ಲಿ ಐವರು ಸಾಮಾನು ಇಳಿಸಿ ತಳಶಿಬಿರ ಹೂಡಿದರು. ಅಲ್ಲಿಂದ ಮುಂದಿನ ಕೆಲವೇ ಮೈಲಿಗಳಿಗೆ ಒಂದು ವಾರಕ್ಕೂ ಮೀರಿ ಹಿಡಿಯಿತು. ಒಂದು ಅಂಚಿನ ಮೇಲೆ ಹೋಗುವುದು, ಅದು ಮುಗಿದಲ್ಲಿ ಮೇಲಕ್ಕೋ ಕೆಳಕ್ಕೋ ಇನ್ನೊಂದು ಅಂಚಿಗೆ ಸೇರುವ ಬಿರುಕನ್ನು ಹುಡುಕುವುದು, ಸಿಕ್ಕದಿದ್ದರೆ ಮರಳಿ ಬರುವುದು. ಅಂಚುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಆದರೆ ಪ್ರತಿ ಬೆಸುಗೆಯೂ ಕೂದಲೆಳೆಯಷ್ಟು ತೆಳುವಾಗಿತ್ತು. ಒಂದು ಕೊಂಡಿ ಕಳಚಿದ್ದರೂ ಸರಪಳಿಯೆಲ್ಲ ವ್ಯರ್ಥ. ಕೊನೆಯ ಕೊಂಡಿಯೂ ಕೂಡಿಬಂದು, ಜೂನ್ ತಿಂಗಳಲ್ಲಿ ಅವರು ಒಳಬಯಲಿಗೆ ಕಾಲಿಟ್ಟರು. ಮುಂದೆ ಹಸಿರು ಹುಲ್ಲುಗಾವಲು, ಹೂಗಳು, ‘ಭರಲ್’ ಎಂಬ ಕಾಡುಕುರಿಗಳ ಹಿಂಡು, ನಡುವೆ ನಂದಾದೇವಿ.

ಇಲ್ಲಿ ಕೆಲಸಕ್ಕೆ ಬಂದ ತಿಳಿವಳಿಕೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯದು, ಎದುರು ದಡದಿಂದ ನೋಡುವುದು. ನಿಂತ ಬಂಡೆಯ ಮೇಲಿನ ದಾರಿ ನಿಂತವನಿಗೆ ಕಾಣದು. ಎದುರಿನ ಇಳಿಜಾರಿನಿಂದ ಅದರ ಅಂಚು, ಬಿರುಕುಗಳೆಲ್ಲ ತೋರುತ್ತವೆ. ಎರಡನೆಯದು, ಹೊತ್ತು. ಹಿಮದಿಂದ ಹುಟ್ಟಿದ ತೊರೆ ನಸುಕಿನಲ್ಲಿ ಕುಗ್ಗಿರುತ್ತದೆ. ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ಉಕ್ಕುತ್ತದೆ. ಹಿಮವೂ ನಸುಕಿನಲ್ಲಿ ಗಟ್ಟಿ, ಮಧ್ಯಾಹ್ನ ತೊಡೆಯವರೆಗೆ ಹೂತುಕೊಳ್ಳುವಷ್ಟು ಮೆತ್ತಗೆ. ದಾಟುವುದೆಲ್ಲ ಬೆಳಗಿನ ಕೆಲಸ. ಮೂರನೆಯದು, ದೇಹದ ಮಾತನ್ನು ಕೇಳುವುದು. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಅರ್ಧದಷ್ಟಾಗುತ್ತದೆ. ಮೈ ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ತಲೆನೋವು, ವಾಕರಿಕೆ ಹೆಚ್ಚಿದರೆ ಇಳಿಯುವುದೇ ಮದ್ದು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು: ಮರಳಿ ಹತ್ತಲಾಗದ ಕಡೆ ಇಳಿಯದಿರುವುದು. ನಾನು ಘಳದಲ್ಲಿ ಮಾಡಿದ ತಪ್ಪು ಇದೇ.

ಶಿಖರ

ದಾರಿ ತೆರೆದ ಎರಡು ವರ್ಷಗಳ ಮೇಲೆ, 1936ರಲ್ಲಿ, ನಾಲ್ವರು ಬ್ರಿಟಿಷರು ಹಾಗೂ ನಾಲ್ವರು ಅಮೆರಿಕನ್ನರ ತಂಡವೊಂದು ಅದೇ ಅಂಚುಗಳನ್ನು ಹಿಡಿದು ಒಳಗೆ ಬಂದಿತು. ಎತ್ತರಕ್ಕೆ ಹೊಂದಿಕೊಳ್ಳಲಾರನೆಂದು ಆ ವರ್ಷದ ಎವರೆಸ್ಟ್ ಯಾತ್ರೆಗೆ ಆಯ್ಕೆಯಾಗದಿದ್ದ ಟಿಲ್ಮನ್ ಅದರಲ್ಲಿದ್ದ. ಶಿಖರದೆಡೆಗೆ ಮೊದಲು ಗೊತ್ತಾದ ಜೋಡಿ ನೋಯಲ್ ಓಡೆಲ್ ಮತ್ತು ಚಾರ್ಲ್ಸ್ ಹೌಸ್ಟನ್. ಆದರೆ ಮೇಲಿನ ಬಿಡಾರದಲ್ಲಿ ಹೌಸ್ಟನ್ ಕೆಟ್ಟ ಡಬ್ಬಿಯ ಮಾಂಸ ತಿಂದು ಅಸ್ವಸ್ಥನಾದ. ಓಡೆಲ್ ಕೆಳಗಿನವರಿಗೆ “ಚಾರ್ಲಿ ಈಸ್ ಇಲ್” ಎಂದು ಕೂಗಿದ್ದು ಗಾಳಿಯಲ್ಲಿ “ಚಾರ್ಲಿ ಈಸ್ ಕಿಲ್ಡ್” ಎಂದು ಕೇಳಿಸಿತು. ಸತ್ತವನನ್ನು ಕಾಣುವೆವೆಂದು ಅಳುಕುತ್ತ ಏರಿದವರಿಗೆ ಬದುಕಿದ್ದ ಹೌಸ್ಟನ್ ಎದುರಾದ. ಭಾಷೆಯ ವಿದ್ಯಾರ್ಥಿಗಳಾದ ನೀವು ನೆನಪಿಡಬೇಕಾದ ಪ್ರಸಂಗವಿದು. ಅವನ ಬದಲಿಗೆ ನಿಂತ ಟಿಲ್ಮನ್, ಓಡೆಲ್‌ನೊಂದಿಗೆ 1936ರ ಆಗಸ್ಟ್ 29ರಂದು ಶಿಖರ ಮುಟ್ಟಿದ. 1950ರಲ್ಲಿ ಅನ್ನಪೂರ್ಣಾವನ್ನು ಏರುವವರೆಗೆ ಮನುಷ್ಯರು ಮುಟ್ಟಿದ ಅತ್ಯುನ್ನತ ಶಿಖರ ಅದೇ ಆಗಿತ್ತು.

ದಾರಿ ಯಾರದು?

ಯಾತ್ರೆಯ ಕತೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಸಾಹಿತ್ಯದ ಓದುಗರು ಇನ್ನೊಮ್ಮೆ ಮೊದಲ ಪುಟಕ್ಕೆ ಮರಳಬೇಕು. ಈ ಕಮರಿ ಎಲ್ಲಿಂದ ‘ದಾರಿಯಿಲ್ಲದ್ದು’? ಲಾತಾ, ತೋಲ್ಮಾ ಹಳ್ಳಿಗಳ ಕುರಿಗಾಹಿಗಳು ಬೇಸಿಗೆಯಲ್ಲಿ ದುರಾಶಿ, ದಿಬ್ರುಘಾಟ್‌ಗಳ ಹುಲ್ಲುಗಾವಲಿನವರೆಗೆ ತಲೆತಲಾಂತರದಿಂದ ಆಡು, ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಶೋಧಕರು ನಡೆದ ಮೊದಲರ್ಧ ಆ ಆಡುಗಳ ಜಾಡೇ. ಆಳದ ಹಿಮದಲ್ಲಿ ಕೆಲವರು ಹೊರೆ ಇಳಿಸಿ ಹಿಂದಿರುಗಿದಾಗ ಬಿಡದೆ ಮುಂದೆ ಬಂದವರು ನೇಪಾಳದ ದೋತಿಯಾಲ ಹೊರೆಯಾಳುಗಳು. ಅವರ ಹೆಸರುಗಳು ಶಿಖರದ ಚರಿತ್ರೆಯಲ್ಲಿ ಕಾಣುವುದಿಲ್ಲ. ಅಂಗ್ ತಾರ್ಕೆ ಮಾತ್ರ ಇದಕ್ಕೆ ಅಪವಾದ. ಓದುಬರಹ ಬಾರದ ಆತ ಹೇಳಿ ಬರೆಸಿದ ಆತ್ಮಕಥೆ 1954ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು.

ಮುಂದೆ ಆದುದನ್ನೂ ತಿಳಿದಿರಬೇಕು. ಋಷಿಗಂಗೆಯು ಧೌಲಿಗಂಗೆಯನ್ನು ಸೇರುವಲ್ಲಿರುವ ರೇಣಿ ಎಂಬ ಹಳ್ಳಿಯಲ್ಲಿಯೇ 1974ರ ಮಾರ್ಚಿಯಲ್ಲಿ ಗೌರಾದೇವಿ ಮತ್ತು ಅವರ ಜೊತೆಯ ಹೆಂಗಸರು ಮರ ಕಡಿಯಲು ಬಂದವರಿಗೆ ಅಡ್ಡನಿಂತರು. ಅದೇ ಕಾಲಕ್ಕೆ ಒಳಬಯಲು ವಿದೇಶೀಯರಿಗೆ ತೆರೆದು, ಯಾತ್ರೆಗಳು ಹೆಚ್ಚಿ, ಕಸ ತುಂಬಿ, ಉರುವಲಿಗಾಗಿ ಗಿಡಗಳು ಬರಿದಾದವು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, ಬಳಿಕ ಪ್ರವೇಶವನ್ನು ಮುಚ್ಚಲಾಯಿತು. 1988ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೂ, ಹುಲ್ಲು, ಕಾಡುಕುರಿಗಳಿಗೆ ಇದರಿಂದ ಒಳಿತಾಯಿತು. ಆದರೆ ಬಾಗಿಲು ಮುಚ್ಚಿದ್ದು ಹೊರಗಿನಿಂದ ಬಂದವರಿಗಷ್ಟೇ ಅಲ್ಲ. ಆಡು ಮೇಯಿಸುತ್ತಿದ್ದವರು, ಹೊರೆ ಹೊತ್ತು ದುಡಿಯುತ್ತಿದ್ದವರು, ಮರಗಳಿಗಾಗಿ ನಿಂತಿದ್ದವರು, ಇವರೂ ತಮ್ಮ ಹುಲ್ಲುಗಾವಲಿಗೆ ಹೊರಗಿನವರಾದರು. 2021ರ ಫೆಬ್ರವರಿ 7ರಂದು ರೋಂಟಿ ಶಿಖರದ ಇಳಿಜಾರಿನಿಂದ ಬಂಡೆ, ಹಿಮ ಕುಸಿದು ಋಷಿಗಂಗೆ ಉಕ್ಕಿದಾಗ ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಆಗಲೂ ಮೊದಲ ಪೆಟ್ಟು ಬಿದ್ದದ್ದು ರೇಣಿಯ ಆಸುಪಾಸಿಗೆ.

ಹಾಗಾದರೆ ದಾರಿ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡು ಭಾಗದ್ದು. ಅರ್ಧ ದಾರಿ ಅಲ್ಲಿನವರಿಗೆ ಮೊದಲೇ ಗೊತ್ತಿತ್ತು. ಉಳಿದರ್ಧವನ್ನು ಹಗುರವಾದ ಹೊರೆ, ತಾಳ್ಮೆ ಹಾಗೂ ಹಿಂದಿರುಗುವ ವಿವೇಕಗಳಿಂದ ಐವರು ಕೂಡಿ ಕಂಡುಕೊಂಡರು. ಮೊದಲರ್ಧವನ್ನು ಬಿಟ್ಟು ಎರಡನೆಯದನ್ನಷ್ಟೇ ಹೇಳುವ ಪ್ರವಾಸಕಥನ ಎಷ್ಟೇ ಸುಂದರವಾಗಿದ್ದರೂ ಅಪೂರ್ಣವೆಂದೇ ನನ್ನ ಎಣಿಕೆ.

ಇನ್ನು ಒಂದು ಅಭ್ಯಾಸ. ಗಢವಾಲದವರಿಗೆ ಕಣಿವೆದಾರಿ ‘ಖಾಲ್’, ತೊರೆ ‘ಗಾಡ್’, ಹಿಮನದಿ ‘ಬಮಕ್’, ಎತ್ತರದ ಹುಲ್ಲುಗಾವಲು ‘ಬುಗ್ಯಾಲ್’. ‘ಗಾಡ್’ ಎಂದು ಕೇಳಿದೊಡನೆ ಮರಾಠಿ ಬಲ್ಲ ನಮಗೆ ಕೋಟೆಯ ‘ಗಡ’ ನೆನಪಾಗಿ, ನೀರಿದ್ದಲ್ಲಿ ಬುರುಜನ್ನು ಹುಡುಕುವಂತಾದೀತು. ನೆಲದ ಮಾತು ತಿಳಿಯದವನಿಗೆ ನಕ್ಷೆಯಿದ್ದರೂ ದಾರಿ ತಪ್ಪುತ್ತದೆ. ನಮ್ಮ ಮನೆಗಳಲ್ಲಿ ಮಡ್ಡಿ, ದಿನ್ನೆ, ಒಡ್ಡು, ಕೊಳ್ಳ, ಹಳ್ಳ ಎಂಬ ಮಾತುಗಳು ಇನ್ನೂ ಬಳಕೆಯಲ್ಲಿವೆ. ಅವುಗಳ ಪಕ್ಕದಲ್ಲಿಯೇ ಮರಾಠಿಯ ಖಿಂಡ, ಕಡಾ, ಘಳಗಳೂ ಕೇಳಿಬರುತ್ತವೆ. ಮುಂದಿನ ಸಂಚಿಕೆಗಾಗಿ ಪ್ರತಿಯೊಬ್ಬರೂ ನಿಮ್ಮ ಊರಿನ ಹಿರಿಯರನ್ನು, ಅದರಲ್ಲಿಯೂ ಕುರಿ ಕಾಯುವವರನ್ನು ಕೇಳಿ, ನೆಲಕ್ಕೆ ಸಂಬಂಧಿಸಿದ ಇಪ್ಪತ್ತು ಮಾತುಗಳನ್ನು ಅರ್ಥಸಹಿತ ಬರೆದು ತನ್ನಿ. ಹೇಳಿದವರ ಹೆಸರನ್ನೂ ಊರನ್ನೂ ಪಟ್ಟಿಯ ಮೇಲ್ತುದಿಯಲ್ಲಿ ಬರೆಯಲು ಮರೆಯಬೇಡಿ.