ಪ್ರತಿಗಳ ತೌಲನಿಕ ಪರಿಶೀಲನೆಗೆ ಎರಡು ತೆರೆಗಳ ಜೋಡಣೆ

ಒಂದೇ ಕೃತಿಯ ಎರಡು ಓಲೆಪ್ರತಿಗಳ ಛಾಯಾಚಿತ್ರಗಳನ್ನು ಅಕ್ಕಪಕ್ಕದಲ್ಲಿರಿಸಿ ಪಾಠಾಂತರಗಳನ್ನು ಗುರುತಿಸಲು, ಒಂದು ಗಣಕಯಂತ್ರಕ್ಕೆ ಎರಡು ೪ಕೆ ಮಾನಿಟರುಗಳನ್ನು ಜೋಡಿಸುವುದು ಅನುಕೂಲಕರ. ಆದರೆ ಜೋಡಣೆಯಲ್ಲಿ ಲೋಪವಿದ್ದರೆ ತೆರೆಯೇ ಅಪಪಾಠಕ್ಕೆ ಕಾರಣವಾದೀತು.

೪ಕೆ ತೆರೆಯಲ್ಲಿ ಅಡ್ಡಲಾಗಿ ೩೮೪೦, ಲಂಬವಾಗಿ ೨೧೬೦, ಅಂದರೆ ಸುಮಾರು ೮೩ ಲಕ್ಷ ಬಿಂದುಗಳಿರುತ್ತವೆ. ಸೆಕೆಂಡಿಗೆ ೬೦ ಬಾರಿ ಚಿತ್ರವನ್ನು ಹೊಸದಾಗಿಸಲು ಪ್ರತಿ ಸೆಕೆಂಡಿಗೆ ಸುಮಾರು ೧೨ ಗಿಗಾಬಿಟ್ ಮಾಹಿತಿ ಹರಿಯಬೇಕು. ಎರಡು ತೆರೆಗಳಿಗೆ ಅದರ ಇಮ್ಮಡಿ. ೨೦೦೯ರ ಎಚ್‌ಡಿಎಂಐ ೧.೪ ಇದನ್ನು ಪೂರ್ಣವರ್ಣದಲ್ಲಿ ೩೦ ಬಾರಿ ಮಾತ್ರ ಸಾಗಿಸಬಲ್ಲದು, ೨೦೧೩ರ ೨.೦ ಆವೃತ್ತಿಯು ೬೦ ಬಾರಿ. ಡಿಸ್‌ಪ್ಲೇಪೋರ್ಟ್ ೧.೨ ಒಂದು ತೆರೆಗೆ ಸಾಕು. ಅದನ್ನೇ ಎರಡಕ್ಕೆ ಕವಲೊಡೆಸಿದರೆ ಸಾಲದು. ಆದುದರಿಂದ ಪ್ರತಿ ತೆರೆಗೂ ಪ್ರತ್ಯೇಕ ಕೇಬಲ್ ಇರುವುದು ಲೇಸು.

ಸಾಮರ್ಥ್ಯ ಸಾಲದಾಗ ಯಂತ್ರವು ಸೂಚನೆಯಿಲ್ಲದೆಯೇ ಬಿಂದುಗಳ ಸಂಖ್ಯೆಯನ್ನು ತಗ್ಗಿಸಿ, ಚಿತ್ರವನ್ನು ಹಿಗ್ಗಿಸಿ ತೋರಿಸಬಹುದು. ಆಗ ಪಕಾರದಿಂದ ಷಕಾರವನ್ನು ಬೇರ್ಪಡಿಸುವ ಒಳಗಿನ ಸಣ್ಣ ಗೆರೆ ಮಸುಕಾಗಿ, ತೆರೆಯ ದೋಷವನ್ನು ಲಿಪಿಕಾರನ ಮೇಲೆ ಹೊರಿಸಿದಂತಾಗುತ್ತದೆ. ಓದಿಗೆ ತೊಡಗುವ ಮೊದಲು ಗಣಕದ ಸೆಟ್ಟಿಂಗ್ಸ್‌ನಲ್ಲಿ ಎರಡೂ ತೆರೆಗಳಿಗೆ ೩೮೪೦×೨೧೬೦ ಎಂದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಬಳಿಕ ಒಂದೇ ಗರಿಯ ಚಿತ್ರವನ್ನು ಎರಡರಲ್ಲಿಯೂ ತೆರೆದು ಹೋಲಿಸಬೇಕು. ಅಲ್ಲಿ ಭೇದ ಕಂಡರೆ ಅದು ತೆರೆಯ ದೋಷವೆಂದೇ ತಿಳಿಯತಕ್ಕದ್ದು.